ಸರೋಜಾಳ ಪಾಲಿನ ಹೊತ್ತು

ತೊಂಬತ್ತರ ದಶಕದಲ್ಲಿ ಸೊಲ್ಲಾಪುರದಲ್ಲೊಂದು ಶಾಲಾ ನಾಟಕ ಸ್ಪರ್ಧೆ. ನಾಟಕಕ್ಕೆ ಇಪ್ಪತ್ತೇ ನಿಮಿಷ. ಮೀರಿದರೆ ತಂಡ ಹೊರಗೆ. ಗಡಿಯಾರ ಹಿಡಿದು ಕೂರುವ ಕೆಲಸ ನನ್ನದು.

ಅಕ್ಕಲಕೋಟೆಯ ಮಕ್ಕಳ ತಾಲೀಮು ನೋಡಿದೆ. ರಾಣಿಯಾಗಿದ್ದ ಸರೋಜಾ ಬಹಳ ತೊದಲುತ್ತಿದ್ದಳು. ಮಂತ್ರಿಯ ಪಾತ್ರದ ಹುಡುಗಿಯನ್ನು ಕರೆದು, "ಅಕಿಗೆ ಸಣ್ಣ ಪಾರ್ಟು ಕೊಡಬೇಕಿತ್ತವಾ," ಎಂದೆ.

"ಬ್ಯಾಡ್ರಿ ಸರ್. ನಾವೆಲ್ಲಾ ನಮ್ಮ ಮಾತು ಕಡಿಮಿ ಮಾಡ್ಕೊಂಡು ಅಕಿಗೆ ಟೈಮ್ ಉಳಿಸೀವ್ರಿ. ನಂದು ಎಂಟು ಮಾತಿದ್ದವು, ಈಗ ಮೂರೇ."

ಹಿಂದೆಯೇ ನಿಂತಿದ್ದ ಸರೋಜಾ ನಕ್ಕಳು. ನನಗೆ ಅವಳ ಮುಖ ನೋಡಲಾಗಲಿಲ್ಲ.

ವೇದಿಕೆಯ ಮೇಲೆ ಅವಳು ಒಂದೊಂದು ಮಾತಿಗೂ ತಡವರಿಸಿದಳು. ದರಬಾರೆಲ್ಲ ಅವಸರವಿಲ್ಲದೆ ಕಾಯಿತು. ಹತ್ತೊಂಬತ್ತನೆಯ ನಿಮಿಷಕ್ಕೆ ಪರದೆ ಬಿತ್ತು.

ಆ ದಿನ ಹೊತ್ತು ಮೀರಿದವನು, ಕೊನೆಗೆ ವಂದನಾರ್ಪಣೆಗೆಂದು ಮೈಕು ಹಿಡಿದ ನಾನೊಬ್ಬನೇ.