ಬಚ್ಚಲುಮನೆಯ ಲೇಸರ್

ಲೇಸರ್ ಪ್ರಯೋಗವಿದ್ದ ದಿನ ನಮ್ಮ ಭೌತಶಾಸ್ತ್ರದ ಮೇಡಂ ಕಪ್ಪು ಸೀರೆ ಉಟ್ಟು, ಕೈಬಳೆ ಬಿಚ್ಚಿಟ್ಟು ಬರುತ್ತಿದ್ದರು. ಬಟ್ಟೆಗೂ ಬಳೆಗೂ ತಾಗಿ ಚದುರಿದ ಬೆಳಕು ಅದನ್ನಳೆಯುವ ಮೀಟರಿಗೆ ಬೀಳಬಾರದಲ್ಲ! ತೊಂಬತ್ತರ ದಶಕದ ಶಿವಮೊಗ್ಗದ ಕಾಲೇಜು; ಮುತ್ತೈದೆಯ ಬರಿಗೈ ಕಂಡು ಗೊಣಗುವವರಿದ್ದರು. "ನಮ್ಮನೆಯವ್ರು ಗಟ್ಟಿಯಾಗೇ ಇದಾರೆ, ಗಾಬರಿಯಾಗ್ಬೇಡಿ" ಎಂದು ನಕ್ಕು ಲ್ಯಾಬಿಗೆ ನಡೆಯುತ್ತಿದ್ದರು.

ಅವಸರ ಅವರಿಗಾಗದು. ಲೇಸರ್ ಹಚ್ಚಿದೊಡನೆ ನಾನು ಮೀಟರಿನತ್ತ ಬಗ್ಗಿದರೆ, "ತಡಿ ಮಾರಾಯ್ತಿ, ಅದು ಬಿಸಿಯಾಗಿ ಒಂದು ಹದಕ್ಕೆ ಬರ್ಲಿ" ಎನ್ನುವರು.

ಆ ವರ್ಷ ನಮ್ಮ ಪ್ರಾಜೆಕ್ಟು, ಆಪ್ಟಿಕಲ್ ಫೈಬರಿನ ಗಾಜಿನ ಎಳೆಯಲ್ಲಿ ಹಾಯುವಾಗ ಎಷ್ಟು ಬೆಳಕು ನಷ್ಟವಾಗುತ್ತದೆಂದು ಅಳೆಯುವುದು. ವಿಭಾಗದ ಮುಖ್ಯಸ್ಥರು ತಾವೇ ಅಳೆದು, ನಷ್ಟವೇ ಇಲ್ಲವೆನ್ನುವಂಥ ಫಲಿತಾಂಶವನ್ನು ಹೊರಗಿನ ತಜ್ಞರೆದುರು ಹೆಮ್ಮೆಯಿಂದ ತೋರಿಸಿದರು. ಮೇಡಂ ಎದ್ದುಹೋಗಿ ಲೇಸರಿಗೆ ಅಂಗೈ ಅಡ್ಡ ಹಿಡಿದರು. ಆದರೂ ಮೀಟರಿನ ಮುಳ್ಳು ಪೂರ್ತಿ ಕೆಳಗಿಳಿಯಲಿಲ್ಲ.

"ಲೇಸರ್ ಮುಚ್ಚಿದೀನಿ ಸರ್. ಇದು ಯಾರ ಬೆಳಕು?"

ಮೇಡಂ ತಲೆಯ ಮೇಲಿನ ಟ್ಯೂಬ್‌ಲೈಟ್ ತೋರಿಸಿದರು. "ಇದನ್ನೂ ಸೇರ್ಸಿ ಓದಿದೀರಿ. ಮೊದ್ಲು ಲೇಸರ್ ಮುಚ್ಚಿ ನೋಡ್ಬೇಕು, ಆ ಅಂಕೆ ಕಳೀಬೇಕು."

ಮಾರನೆಯ ದಿನವೇ ಲ್ಯಾಬಿನ ಬೀಗದಕೈ ಅವರ ಕೈತಪ್ಪಿತು. ಕ್ಷಮೆ ಕೇಳಿದರೆ ಕೊಡುತ್ತೇನೆಂದು ಮುಖ್ಯಸ್ಥರು ಹೇಳಿಕಳಿಸಿದರು. "ಟ್ಯೂಬ್‌ಲೈಟ್ ಹತ್ರ ಬೇಕಾದ್ರೆ ಕೇಳ್ತೀನಿ" ಎಂದರು ಮೇಡಂ.

ಗೆಳತಿಯ ಕಾಲೇಜಿನಿಂದ ಲೇಸರನ್ನೂ ಮೀಟರನ್ನೂ ಕಡ ತಂದು, ನಮ್ಮ ಬಳಿಯಿದ್ದ ಅದೇ ಫೈಬರಿನೊಡನೆ ಭದ್ರಾವತಿಯ ಜನ್ನಾಪುರದ ತಮ್ಮ ಮನೆಯ ಬಚ್ಚಲಲ್ಲಿ ಹೂಡಿದರು. ಅದಕ್ಕೆ ಕಿಟಕಿಯಿರಲಿಲ್ಲ; ಬಾಗಿಲ ಸಂದಿಗೆ ಕಂಬಳಿ ತುರುಕಿದೆವು. ಕಾರ್ಖಾನೆಯಿಂದ ಬಂದ ಅವರ ಯಜಮಾನರು ಟವೆಲ್ ಹೆಗಲಿಗೇರಿಸಿ, "ನಿಮ್ಮ ಅಳತೆ ಮುಗಿಯೋವರ್ಗೂ ನಂದು ಪಕ್ಕದ್ಮನೆ ಸ್ನಾನ" ಎಂದು ಹೊರಟರು. ಬೆವರುತ್ತಾ ಮತ್ತೆ ಮತ್ತೆ ಅಳೆದೆವು. ನಷ್ಟ ಮುಖ್ಯಸ್ಥರು ಹೇಳಿದ್ದಕ್ಕಿಂತ ಬಹಳ ಹೆಚ್ಚಿತ್ತು, ಆದರೆ ಪ್ರತಿಸಲವೂ ಅಷ್ಟೇ ಬಂತು.

ಮೌಖಿಕ ಪರೀಕ್ಷೆಯಲ್ಲಿ ಮುಖ್ಯಸ್ಥರು ಎದುರಿಗೇ ಕೂತಿದ್ದರು. "ನನ್ನ ಅಂಕೆ ಬೇರೆ ಇದೆಯಲ್ಲಮ್ಮ?" ಎಂದರು.

"ನಿಮ್ಮದು ತಪ್ಪು ಸರ್" ಎಂದೆ.

ಅಂಕಗಳು ಹೋದವು. ಹೇಳಲು ಹೋದರೆ ಮೇಡಂ ಬೆನ್ನಿಗೊಂದು ಗುದ್ದು ಕೊಟ್ಟರು. "ಹೋಗ್ಲಿ ಬಿಡೆ. ಯಾರು ಬೇಕಾದ್ರೂ ಬಂದು ಅಳೀಲಿ, ನಿಂದೇ ಬರುತ್ತೆ."

ನಿವೃತ್ತಿಯವರೆಗೂ ಬೀಗದಕೈ ಅವರಿಗೆ ಸಿಗಲಿಲ್ಲ. ಅವರು ಕ್ಷಮೆ ಕೇಳಲೂ ಇಲ್ಲ.

ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ಕೆಲಸಕ್ಕಿದ್ದ ಕಂಪನಿಯ ಲ್ಯಾಬಿನಲ್ಲಿ ಫೈಬರ್ ಪರೀಕ್ಷಿಸುತ್ತಿದ್ದೆ. ಮೀಟರ್ ಒಂದೇ ಕಡೆ ನಿಲ್ಲುತ್ತಿರಲಿಲ್ಲ. ಗಿರಾಕಿ ಕಾಯುತ್ತಿದ್ದಾನೆ, ಹತ್ತಿರದ ಅಂಕೆ ಕೊಟ್ಟು ಕಳಿಸಿ ಎಂದು ಮೇಲಧಿಕಾರಿ ಅವಸರಪಡಿಸಿದರು.

"ಕಾಯ್ಲಿ ಸರ್" ಎಂದೆ. ಕಣ್ಣೊರೆಸಿಕೊಂಡು, ಮೊದಲಿನಿಂದ ಅಳೆಯತೊಡಗಿದೆ.