ಸಂಡಿಗೆಗೆ ಒಂದು ಪಾಲು ಬಿಸಿಲು

ನಮ್ಮ ಡೊಂಬಿವಲಿಯ ಮನೆಯಲ್ಲಿ, ಅಡುಗೆಮನೆಯ ಲಾಫ್ಟಿನ ಮೇಲೆ, ವರ್ಷವಿಡೀ ಮಲಗಿದ್ದು ಹೋಳಿ ಮುಗಿದ ಮೇಲೆ ಮಾತ್ರ ಕೆಳಗಿಳಿಯುವ ಒಂದು ಧೋತರವಿದೆ. ಒಂದು ಕಾಲಕ್ಕೆ ಅದು ನಮ್ಮ ಮಾವನವರದು. ಅವರು ಹೋದ ಮೇಲೆ ಅತ್ತೆಯವರು ಅದನ್ನು ಯಾರಿಗೂ ಕೊಡದೆ, ಪೆಟ್ಟಿಗೆಯಲ್ಲೂ ಮುಚ್ಚಿಡದೆ, ಸಂಡಿಗೆ ಒಣಗಿಸುವ ಕೆಲಸಕ್ಕೆ ಹಚ್ಚಿದರು. ಎಷ್ಟು ಒಗೆದರೂ ಅದರ ಮೈಯಲ್ಲಿ ಅಕ್ಕಿಗಂಜಿಯ ಬಿರುಸು ಉಳಿದೇ ಇರುತ್ತದೆ. ಮಡಿಕೆ ಬಿಚ್ಚಿದರೆ ಜೀರಿಗೆ, ಇಂಗು, ಹೋದ ವರ್ಷದ ಬಿಸಿಲು ಮೂರೂ ಕೂಡಿ ಮೂಗಿಗೆ ಬರುತ್ತವೆ. ಬಿಸಿಲಿಗೆ ವಾಸನೆ ಎಲ್ಲಿಯದು ಎಂದು ನೀವು ನಗಬಹುದು. ಸಂಡಿಗೆಯ ಧೋತರವನ್ನು ಒಮ್ಮೆ ಮೂಸಿ ನೋಡಿ, ಆಮೇಲೆ ಬೇಕಾದರೆ ನಗಿ.

ಗದಗಿನ ಕಡೆಯಿಂದ ಮದುವೆಯಾಗಿ ಬಂದ ಅತ್ತೆಯವರಿಗೆ ಇಷ್ಟು ವರ್ಷವಾದರೂ ಮರಾಠಿ ನಾಲಿಗೆಗೆ ಹತ್ತಲಿಲ್ಲ. ಹಾಗೆಂದು ಅವರಿಗೆ ಕಟ್ಟಡದವರೊಂದಿಗೆ ಮಾತುಕತೆಯೇ ಇಲ್ಲ ಅಂದುಕೊಳ್ಳಬೇಡಿ. ಪ್ರತಿ ಬೇಸಿಗೆ, ಟೆರೇಸಿನಲ್ಲಿ ಒಣಗಿದ ಸಂಡಿಗೆಯ ಮೊದಲ ಪಾಲು ಡಬ್ಬಿಗಳಲ್ಲಿ ಕೂತು ಮನೆಮನೆಗೂ ಹೋಗುತ್ತದೆ. ಬರಿ ಡಬ್ಬಿ ಹಿಂದಿರುಗಿಸಬಾರದೆಂದು ಆ ಮನೆಯವರು ಉಪ್ಪಿನಕಾಯಿಯನ್ನೋ ಲಾಡುವನ್ನೋ ತುಂಬಿ ಕಳಿಸುತ್ತಾರೆ. ಕಟ್ಟಡದ ಮರಾಠಿ ಮನೆಗಳೆಲ್ಲ ಕಲಿತ ಏಕೈಕ ಕನ್ನಡ ಪದ ಸಂಡಿಗೆ. ಮಕ್ಕಳ ಬಾಯಲ್ಲಿ ಅತ್ತೆಯವರ ಹೆಸರೂ 'ಸಂಡಿಗೆ ಆಜಿ'. ಟೆರೇಸು ತಪ್ಪಿದರೆ ಅವರಿಗೆ ಈ ಜನರೊಂದಿಗಿರುವ ಮಾತೇ ತಪ್ಪಿಹೋಗುತ್ತದೆ.

ಈ ಸಲ ಅದು ತಪ್ಪುವಂತೆಯೇ ಕಂಡಿತು. ಚಳಿಗಾಲದಲ್ಲಿ ನಮ್ಮ ಕಟ್ಟಡದ ಹೌಸಿಂಗ್ ಸೊಸೈಟಿ ಟೆರೇಸಿನ ಮೇಲೆ ಸೋಲಾರ್ ಫಲಕಗಳನ್ನು ಹಾಕಿಸಿತ್ತು. ಹೋಳಿಯ ಮರುವಾರ ಮೇಲೆ ಹೋದ ಅತ್ತೆಯವರು, ಸಾಲುಸಾಲಾಗಿ ಮುಗಿಲಿಗೆ ಮುಖವೊಡ್ಡಿ ನಿಂತ ಆ ಕಪ್ಪು ಗಾಜುಗಳನ್ನು ಬಹಳ ಹೊತ್ತು ನೋಡಿ, "ಬಿಸಲನ್ನೂ ಸೊಸೈಟಿಯವ್ರ ಹಿಡಕೊಂಡ್ರೇನವಾ?" ಎಂದು ಕೇಳಿ, ಧೋತರವನ್ನು ಮಡಚಿ ನನ್ನ ಕೈಗಿತ್ತರು. ನಾನು ಅದನ್ನು ಮತ್ತೆ ಲಾಫ್ಟಿಗೇರಿಸಿದೆ.

ಆದರೆ ಎರಡನೇ ಮಹಡಿಯ ಸುನಂದಕ್ಕ ಅಷ್ಟಕ್ಕೆ ಬಿಡುವವರಲ್ಲ. ಉಡುಪಿಯ ಕಡೆಯ ಅವರಿಗೆ ಹಲಸಿನ ಹಪ್ಪಳದ ಚಿಂತೆ. "ಎಂಥದು ಮಾರಾಯ್ರೆ, ಅದನ್ನು ಇಟ್ಟದ್ದೇ ಬಿಸಿಲಿಗಲ್ವಾ? ಅದರ ಮೇಲೇ ಹಾಕುವ!" ಎಂದರು. ಭಾನುವಾರ ಬೆಳಿಗ್ಗೆ, ಹಿಟ್ಟಿನ ಪಾತ್ರೆ ಹೊತ್ತ ನನ್ನನ್ನೂ ಸೇರಿಸಿ, ಮೂವರೂ ಮೇಲೇರಿದೆವು. ಇಳಿಜಾರಿನಲ್ಲಿ ಜಾರಬಾರದೆಂದು ಧೋತರದ ತುದಿಗಳನ್ನು ಫಲಕಗಳ ಚೌಕಟ್ಟಿಗೆ ಕಟ್ಟಿ, ಗಟ್ಟಿ ಹಿಟ್ಟನ್ನು ಚಮಚದಲ್ಲಿ ಇಟ್ಟುಕೊಂಡು ಹೋದರು ಅತ್ತೆ, ಪಕ್ಕದಲ್ಲೇ ಹಪ್ಪಳಗಳು. ಗಾಜು ಕಾದ ಹಂಚಿನ ಹಾಗಿತ್ತು. ಇಂಥ ಒಣಗುವ ಜಾಗ ಗದಗಿನಲ್ಲೂ ಇರಲಿಲ್ಲವೆಂದು ಅತ್ತೆ ಹಿಗ್ಗಿದರು.

ನಡುಹಗಲಿಗೆ ಸೆಕ್ರೆಟರಿ ಜೋಶಿಯವರು ಏದುಸಿರು ಬಿಡುತ್ತ ಬಂದರು. ಅವರ ಮೊಬೈಲಿನಲ್ಲಿ, ಹೊತ್ತೇರಿದಂತೆ ಏರಬೇಕಾದ ವಿದ್ಯುತ್ತಿನ ಗೆರೆ ಬೆಳಗಿನಿಂದಲೇ ಸೊರಗಿ ಕೂತಿತ್ತಂತೆ. "ಆಜೀ, ಹೇ ಕಾಯ ಕೇಲಂತ?" ಇದೇನು ಮಾಡಿದಿರಿ ಎಂದು ತಲೆಯ ಮೇಲೆ ಕೈಯಿಟ್ಟವರು, ಮರುಕ್ಷಣ ಪಕಪಕ ನಕ್ಕುಬಿಟ್ಟರು. ಬಟ್ಟೆಯ ನೆರಳಿಗೆ ವಿದ್ಯುತ್ತು ನಿಲ್ಲುತ್ತದೆಂದು ಅವರು ಹೇಳಿದ್ದನ್ನು ನಾನು ಅತ್ತೆಯವರಿಗೆ ಕನ್ನಡದಲ್ಲಿ ಹೇಳಿದೆ. ಅವರು ನಂಬಲಿಲ್ಲ. ಧೋತರ, ಹಪ್ಪಳ ಎಲ್ಲವನ್ನೂ ತೆಗೆದು ಮೊಬೈಲಿನ ಮುಂದೆ ಕಾದು ನಿಂತೆವು. ತುಸು ಹೊತ್ತಿಗೆ ಗೆರೆ ಮೆಲ್ಲಗೆ ತಲೆಯೆತ್ತಿತು. ಎತ್ತಿದ್ದು ಏರುತ್ತಲೇ ಹೋಯಿತು.

"ಸಪ್ಪಳ ಇಲ್ಲ, ಹೊಗಿ ಇಲ್ಲ," ಎಂದರು ಅತ್ತೆ, ಗೋಡೆ ಹಿಡಿದುಕೊಂಡು. "ಸಂಡಿಗಿ ಒಣಗಸೋ ಬಿಸಲು ಇದ ಏನು?"

ಇದೇ. ನನಗೂ ಅದೇ ಬೆರಗು. ಕೋಟಿ ಕೋಟಿ ಹರದಾರಿ ದಾಟಿ ಬಂದ ಅದೇ ಬಿಸಿಲು ಬಟ್ಟೆಯ ಮೇಲೆ ಬಿದ್ದರೆ ಗಂಜಿ ಗರಿಯಾಗುತ್ತದೆ, ಗಾಜಿನ ಮೇಲೆ ಬಿದ್ದರೆ ನೀರಿನ ಪಂಪು ತಿರುಗುತ್ತದೆ, ಲಿಫ್ಟು ಏರುತ್ತದೆ. ನಾವು ಬಳಸಿ ಮಿಕ್ಕದ್ದು ಬೀದಿಯ ತಂತಿಗೆ ಹರಿದು, ಹತ್ತಿರದಲ್ಲಿ ಯಾರು ಸ್ವಿಚ್ ಒತ್ತಿದರೋ ಅವರಿಗೆ ಮುಟ್ಟುತ್ತದೆ. ಹೊತ್ತು ಮುಳುಗಿದ ಮೇಲೆ ಅದೇ ತಂತಿ ನಮಗೆ ತಿರುಗಿ ಕೊಡುತ್ತದೆ. ಇದನ್ನು ಜೋಶಿಯವರು ವಿವರಿಸಿದಾಗ ಅತ್ತೆಯವರ ಮುಖ ಅರಳಿತು. "ಹಂಗಂದ್ರ ಡಬ್ಬಿ ಕಳಸಿಧಂಗನ ಆತಲ್ಲ! ಅವರೂ ಬರೀ ಡಬ್ಬಿ ಕಳಸೂದಿಲ್ಲ."

ಆಮೇಲೊಂದು ದಿನ ಠಾಣೆ ನಿಲ್ದಾಣದಲ್ಲಿ ಲೋಕಲ್ ರೈಲು ಬದಲಿಸಿ ಸಾನಪಾಡಾದ ನಾದಿನಿಯ ಮನೆಗೆ ಹೋಗುವಾಗ ಕಿಟಕಿಯಾಚೆ ನೋಡುತ್ತ ಕೂತೆ. ನೀರಿನ ಟಾಕಿ, ಹೋದ ಮಳೆಗಾಲದ ನೀಲಿ ತಾಡಪತ್ರಿಗಳ ನಡುವೆ ಅಲ್ಲೊಂದು ಇಲ್ಲೊಂದು ಚಾವಣಿ ಬಿಸಿಲಿಗೆ ಹೊಳೆಯಿತು. ಇಷ್ಟು ದಿನ ವಿದ್ಯುತ್ತೆಂದರೆ ಎಲ್ಲೋ ಕಾಣದ ಊರಿನಲ್ಲಿ ಕಲ್ಲಿದ್ದಲು ಸುಟ್ಟು ಯಾರೋ ಕಳಿಸುವ ಸರಕಾಗಿತ್ತು. ಈಗ ಒಂದು ಮನೆಯ ನೆತ್ತಿಯ ಮೇಲೆ ಹುಟ್ಟಿದ್ದು ಪಕ್ಕದ ಮನೆಯ ಫ್ಯಾನಿಗೆ ಗಾಳಿಯಾಗುತ್ತಿದೆ. ಕಿಕ್ಕಿರಿದ ರೈಲು ಡಬ್ಬಿಯಲ್ಲಿ ಯಾರದೋ ಮೊಣಕೈ ತಿವಿಯುತ್ತಿದ್ದರೂ ನನಗೆ ಕೈಮುಗಿಯಬೇಕೆನಿಸಿತು.

ಸಂಡಿಗೆಗೂ ಜಾಗ ಸಿಕ್ಕಿತು. ಒಂದರ ನೆರಳು ಇನ್ನೊಂದರ ಮೇಲೆ ಬೀಳದಿರಲೆಂದು ಫಲಕಗಳ ಸಾಲುಗಳ ನಡುವೆ ಜಾಗ ಬಿಟ್ಟಿರುತ್ತಾರೆ. ಬೇಸಿಗೆಯ ನಡುಹಗಲಲ್ಲಿ ಅಲ್ಲಿ ಬಿಸಿಲು ನೇರ ನೆಲಕ್ಕೇ ಬೀಳುತ್ತದೆ. ಜೋಶಿಯವರೇ ಗುಡಿಸಿ ತೋರಿಸಿದರು. ಹೀಗೆ ನೆರಳು ಬೀಳದಂತೆ ಜಾಗ ಬಿಡುವುದು ಸೊಸೈಟಿಯಲ್ಲಿ ಬಾಳುವವರೆಲ್ಲ ಕಲಿಯಬೇಕಾದ ಜಾಣತನವೆಂದು ನನಗನ್ನಿಸಿತು.

ಮರುದಿನ ಹಿಟ್ಟಿನ ಪಾತ್ರೆ ನನ್ನ ಕೈಯಲ್ಲಿ, ಧೋತರ ಅತ್ತೆಯವರ ಎದೆಗೆ. ಮಂಡಿನೋವಿನ ಅವರು ಎಂದಿನಂತೆ ಲಿಫ್ಟಿನೊಳಗೆ ಬಂದು ನಿಂತರು. ಗುಂಡಿ ಒತ್ತಿದೆ, ಲಿಫ್ಟು ಮೇಲೇರತೊಡಗಿತು. ಅತ್ತೆಯವರು ಅದರ ಸದ್ದಿಗೆ ಕಿವಿಗೊಟ್ಟರು. ಆಮೇಲೆ ಧೋತರವನ್ನು ಇನ್ನಷ್ಟು ಅವಚಿಕೊಂಡು, ಮಾವನವರಿಗೇ ಹೇಳುವಂತೆ ಮೆಲ್ಲಗೆ ನುಡಿದರು: "ಕೇಳಿದಿರೇನ್ರಿ, ಸೂರ್ಯನಾರಾಯಣ ಕೆಳಗ ಬಂದು ತಾನ ನಮ್ಮನ್ನ ಕರಕೊಂಡು ಹೊಂಟಾನ."