ಕಾಶಮ್ಮನ ಹದಿನೈದು ತುಂಡು

"ಮಕಾನ್ ಪಸಂದ್ ಬಂತೇನ್ರಿ?"

ಮೈಸೂರಿನಿಂದ ಎರಡು ದಿನ ರೈಲು, ಬಸ್ಸು ಹತ್ತಿಳಿದು ಹುಮನಾಬಾದಿಗೆ ಬಂದ ನಾನು ಬೆಪ್ಪಾಗಿ ನಿಂತೆ. ಇದೂ ಕನ್ನಡವೇ! ಮನೆ ಹಿಡಿಸಿತೇ ಎಂದು ಕೇಳುತ್ತಿದ್ದವಳು ಪಕ್ಕದ ಮನೆಯ ಕಾಶಮ್ಮ, ದರ್ಜಿಯ ಹೆಂಡತಿ, ಶಾಲೆಯ ಮೆಟ್ಟಿಲು ಹತ್ತದವಳು.

ಆಗ ರಾಜ್ಯ ಒಂದಾಗಿ ಏಳೆಂಟು ವರ್ಷ. ನಮ್ಮ ಯಜಮಾನರಿಗೆ ಇಲ್ಲಿ ರಸ್ತೆ ಮಾಡಿಸುವ ನೌಕರಿ, ನನಗೆ ಟ್ರಂಕಿನ ತುಂಬ ಗಣಿತ. ಒಂದು ಚೌಕದ ಒಂದು ಮೂಲೆಯಿಂದ ಕಾಲುಭಾಗದ ಪುಟ್ಟ ಚೌಕ ಕತ್ತರಿಸಿ ತೆಗೆದರೆ ಮೂಲೆಯಂಥ ತುಂಡು ಉಳಿಯುತ್ತದಲ್ಲ, ಅಂಥ ತುಂಡುಗಳನ್ನು ಬೆಸ ಸಂಖ್ಯೆಯಲ್ಲಿ ಜೋಡಿಸಿ ಆಯತ ಮಾಡಲಾಗದು ಎಂದು ನಾನು ಸಾಧಿಸಿದ್ದೆ. ಪಿಎಚ್.ಡಿ. ಪ್ರಬಂಧ ಪೂರ್ತಿ ಅದರ ಮೇಲೇ ನಿಂತಿತ್ತು. ಗುರುಗಳಿಗೆ ಅಂಚೆಯಲ್ಲಿ ಕಳಿಸಿಯೂ ಆಗಿತ್ತು. ಅದು ಪಾಸಾದರೆ ಮುಂಬಯಿಯಲ್ಲಿ ಕೆಲಸ.

ಮೈಸೂರಿನಲ್ಲಿ ಬಿಸಿಬಿಸಿ ಅನ್ನ, ಸಂಜೆ ಗಣಿತದ ಹರಟೆ. ಇಲ್ಲಿ ನಾನು ತಟ್ಟಿದ ಜೋಳದ ರೊಟ್ಟಿ ಹಂಚಿಗೆ ಹೋಗುವ ಮೊದಲೇ ಹರಿಯುತ್ತಿತ್ತು. ನನ್ನನ್ನು ಗೌರವದಿಂದ ಬಾಯಾರು ಎಂದು ಕರೆಯುತ್ತಿದ್ದ ಕಾಶಮ್ಮ ನಕ್ಕು ನಕ್ಕು ಕಲಿಸಿದಳು. ಗಣಿತ ಮಾತಾಡಲು ಮಾತ್ರ ಒಂದು ನರಪಿಳ್ಳೆಯೂ ಇರಲಿಲ್ಲ.

ಹೀಗಿರುವಾಗ ಬಸವಕಲ್ಯಾಣಕ್ಕೆ ಕೊಟ್ಟಿದ್ದ ಕಾಶಮ್ಮನ ಮಗಳು ಹೆತ್ತಳು. ತನ್ನ ಗಂಡ ಚೌಕ ಬಟ್ಟೆಯಿಂದ ಅಂಗಿಯ ಜೇಬು ಕತ್ತರಿಸಿ ಬಿಸಾಕಿದ, ನನ್ನ ಗಣಿತದ್ದೇ ಆಕಾರದ ಮೂಲೆ ತುಂಡುಗಳನ್ನು ಹರವಿಕೊಂಡು ಕಾಶಮ್ಮ ಕೌದಿ ಹೊಲಿಯಲು ಕೂತಳು. ಕೂಸಿನ ಕೌದಿಯಲ್ಲಿ ತುಂಡು ಜೋಡಿಜೋಡಿಯಾಗಿ ಇರಬಾರದಂತೆ, ಲೆಕ್ಕ ಬೆಸವೇ ಆಗಬೇಕಂತೆ, ಅವರ ಮನೆಯ ಪದ್ಧತಿ. ನನಗೆ ನಗು ಬಂತು. ಆಗುವುದಿಲ್ಲ ಕಾಶಮ್ಮ, ಸುಮ್ಮನೆ ದಾರ ದಂಡ ಎಂದೆ. ಅವಳು ಸೂಜಿಗೆ ದಾರ ಪೋಣಿಸಿಕೊಂಡಳು.

ಎರಡು ವಾರಕ್ಕೆ ಕಲ್ಯಾಣಕ್ಕೆ ಹೋಗಿ ಕೌದಿ ಕೊಟ್ಟು ಬಂದವಳು ಹೇಳಿದಳು: "ಹದಿನೈದು ತುಂಡು ಕೂತಾವ್ರಿ ಬಾಯಾರ. ನೀವು ಆಗಂಗಿಲ್ಲ ಅಂದ್ರಿ, ಅದಕ್ಕ ಬಿಚ್ಚಿ ಬಿಚ್ಚಿ ಹೊಲಿದೆ."

ನಾನು ನಂಬಲಿಲ್ಲ. ಮರುದಿನವೇ ಅವಳನ್ನು ಎಳೆದುಕೊಂಡು ಕಲ್ಯಾಣದ ಬಸ್ಸು ಹತ್ತಿದೆ. ಕೂಸು ಕೌದಿಯ ಮೇಲೆ ಹಾಯಾಗಿ ಮಲಗಿತ್ತು. ಬಾಣಂತಿಯ ಕೋಣೆಯಲ್ಲಿ ನೋಟುಬುಕ್ಕು ಹಿಡಿದು, ಅದು ಎದ್ದು ಅಳುವವರೆಗೆ ಕಾದೆ. ಎತ್ತಿದ ಮೇಲೆ ಎಣಿಸಿದೆ. ಜೇಬಿನ ಅಳತೆಯಲ್ಲಿ ಅಗಲಕ್ಕೆ ಐದು, ಉದ್ದಕ್ಕೆ ಒಂಬತ್ತು. ಹದಿನೈದು ತುಂಡು, ಎಲ್ಲೂ ಸಂದಿಲ್ಲ, ತೇಪೆಯಿಲ್ಲ. ಮೂರು ಸಲ ಎಣಿಸಿದೆ. ನನ್ನ ನಾಲ್ಕು ವರ್ಷದ ಕೆಲಸದ ಮೇಲೆ ಒಂದು ಕೂಸು ಉಚ್ಚೆ ಹೊಯ್ದಿತ್ತು.

ಪ್ರಬಂಧ ವಾಪಸು ತರಿಸಿಕೊಂಡು, ಆ ಹದಿನೈದರಿಂದಲೇ ಶುರುಮಾಡಿ ಹೊಸದಾಗಿ ಬರೆದೆ. ಪದವಿ ಬಂತು, ಮುಂಬಯಿಯೂ ಬಂತು. ಹೇಗೆ ಹೊಳೆಯಿತಮ್ಮಾ ಎಂದು ಗುರುಗಳು ಕೇಳಿದರು. ಹೊಳೆಯಿತು ಸಾರ್ ಎಂದುಬಿಟ್ಟೆ. ಎಷ್ಟು ಸಲೀಸಾಗಿ ಅಂದೆ! ಅಚ್ಚಾದ ಲೇಖನದಲ್ಲೂ ಕಾಶಮ್ಮನ ಹೆಸರಿಲ್ಲ.

ಮುಂಬಯಿಗೆ ಬಂದು ಇಪ್ಪತ್ತು ವರ್ಷವಾಯಿತು. ಇಲ್ಲಿ ಆ ಹದಿನೈದರ ಜೋಡಣೆಯನ್ನು ನನ್ನ ಹೆಸರಿನ ಆಯತ ಎನ್ನುತ್ತಾರೆ. ಹೋದ ತಿಂಗಳು ಹುಮನಾಬಾದಿಗೆ ಹೋಗಿದ್ದೆ. ಕಾಶಮ್ಮ ಕೈಹಿಡಿದು ಕೂರಿಸಿ, ಓಣಿಯವರನ್ನೆಲ್ಲ ಕರೆದು ಹೆಮ್ಮೆಯಿಂದ ಹೇಳಿದಳು: "ನಮ್ಮ ಬಾಯಾರು ನೋಡ್ರವಾ. ನನ್ನ ಕೌದಿ ನೋಡಾಕಂತ ಕಲ್ಯಾಣದ ತನಕ ಬಂದಿದ್ರು."

ನಮ್ಮ ಬಾಯಾರು ಅಂದಳು. ನಾನು ತಲೆ ಎತ್ತಲಿಲ್ಲ.